ಬ್ಯಾರಲ್ ತುದಿಯ 140 ಗ್ರಾಂ

ನಮ್ಮ ಮಿನಿ ಪ್ರಾಜೆಕ್ಟ್ ಕೆಲಸ ಮಾಡಿತು. ಇದನ್ನ ಮೊದಲೇ ಹೇಳಿಬಿಡ್ತೀವಿ, ಯಾಕಂದ್ರೆ ಮುಂದೆ ಓದ್ತಾ ಹೋದ ಹಾಗೆ ನಿಮಗೆ ಅನುಮಾನ ಬರಬಹುದು. ಅದು ತೋರಿಸಿದ ಒಂದೊಂದು ನಂಬರೂ ಸರಿಯಾಗಿಯೇ ಇತ್ತು. ಆ ಸರಿಯಾದ ನಂಬರುಗಳನ್ನ ಪಕ್ಕದಲ್ಲಿಟ್ಟುಕೊಂಡೇ ನಾವು ಒಂದು ತಪ್ಪು ಮಾತು ಹೇಳಿದ್ವಿ. ಅದನ್ನ ನಂಬಿ ನಡೆದವಳು ನಮ್ಮದೇ ಕ್ಲಾಸಿನ ಗೆಳತಿ.

ನಾವು ನಾಲ್ಕು ಜನ. ಇಬ್ಬರು ಮೆಕ್ಯಾನಿಕಲ್, ಇಬ್ಬರು ಎಲೆಕ್ಟ್ರಾನಿಕ್ಸ್. ಗೆಳತಿ 10 ಮೀಟರ್ ಏರ್ ರೈಫಲ್ ಶೂಟರ್. ನಾವು ಹಾಸ್ಟೆಲಿನಲ್ಲಿ ಮುಸುಕು ಹಾಕಿಕೊಂಡು ಮಲಗಿರೋ ಹೊತ್ತಿಗೆ ಅವಳು ಬಸ್ಸು ಹಿಡಿದು ಕ್ಲಬ್ಬಿನ ರೇಂಜಿಗೆ ಹೋಗಿ, ಎರಡು ಗಂಟೆ ನಿಂತು ಅಭ್ಯಾಸ ಮಾಡಿ, ಒಂಬತ್ತರ ಕ್ಲಾಸಿಗೆ ನಮಗಿಂತ ಮೊದಲೇ ಬಂದು ಕೂತಿರ್ತಾಳೆ. ಈ ಆಟ ಎಷ್ಟು ಸೂಕ್ಷ್ಮ ಅನ್ನೋದು ನಮಗೆ ಗೊತ್ತಿರಲಿಲ್ಲ. ಸೀಸದ ಪೆಲೆಟ್ 4.5 ಮಿ.ಮೀ. ದಪ್ಪ, ತೂಕ ಹೆಚ್ಚುಕಮ್ಮಿ ಅರ್ಧ ಗ್ರಾಂ, ವೇಗ ಸೆಕೆಂಡಿಗೆ 170 ಮೀಟರಿನ ಆಸುಪಾಸು. ಹತ್ತು ಮೀಟರ್ ದೂರದಲ್ಲಿರೋ ಟಾರ್ಗೆಟ್ಟಿನ ನಟ್ಟನಡುವಿನ 'ಹತ್ತು' ಅನ್ನೋದು ಬರೀ ಅರ್ಧ ಮಿ.ಮೀ. ಚುಕ್ಕೆ. ಒಂದು ರಿಂಗಿನಿಂದ ಇನ್ನೊಂದಕ್ಕೆ ಎರಡೂವರೆ ಮಿ.ಮೀ. ದಶಾಂಶದಲ್ಲಿ ಸ್ಕೋರ್ ಹಾಕುವಾಗ ಪೆಲೆಟ್ ಕಾಲು ಮಿ.ಮೀ. ಆಚೆ ಹೋದ್ರೆ 0.1 ಪಾಯಿಂಟ್ ಹೋಯ್ತು. ಇಂಥ ಅರವತ್ತು ಶಾಟ್ ಹೊಡೀಬೇಕು.

ಒಂದಿನ ಕ್ಯಾಂಟೀನಿನಲ್ಲಿ ಅವಳೇ ಕೇಳಿದಳು: "ನನ್ನ ರೈಫಲ್ ಎಲ್ಲಾ ಶಾಟೂ ಒಂದೇ ಸ್ಪೀಡಲ್ಲಿ ಹೊಡೀತಿದ್ಯಾ ಅಂತ ನೋಡ್ಬೇಕು ಕಣ್ರೋ. ನೀವೆಲ್ಲಾ ಇಂಜಿನಿಯರ್‌ಗಳು ತಾನೇ, ಏನಾದ್ರೂ ಮಾಡಿಕೊಡಿ." ರೈಫಲ್ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ ಇರುತ್ತೆ. ಪ್ರತಿ ಶಾಟಿಗೂ ಅದು ಸ್ವಲ್ಪ ಸ್ವಲ್ಪ ಖಾಲಿಯಾಗುತ್ತೆ. ರೆಗ್ಯುಲೇಟರ್ ಸರಿ ಇದ್ದರೆ ವೇಗ ಬದಲಾಗಬಾರದು. ಅದೂ ಅಲ್ಲದೆ ಅವಳ ಹತ್ತಿರ ಎರಡು ಬೇರೆ ಬೇರೆ ಪೆಲೆಟ್ ಡಬ್ಬಿ ಇದ್ವು. ಯಾವುದು ಒಳ್ಳೇದು ಅನ್ನೋದೂ ಗೊತ್ತಾಗಬೇಕಿತ್ತು. ಯೂನಿವರ್ಸಿಟಿ ತಂಡದ ಆಯ್ಕೆಗೆ ಉಳಿದಿದ್ದು ಮೂರು ವಾರ. ನಮಗೋ ಮಿನಿ ಪ್ರಾಜೆಕ್ಟಿಗೆ ಟಾಪಿಕ್ ಸಿಗದೆ ತಲೆ ಕೆಟ್ಟಿತ್ತು. ಎರಡೂ ಕೂಡಿ ಬಂತು.

ಗುಂಡಿನ ವೇಗ ಅಳೆಯೋ ಉಪಕರಣಕ್ಕೆ ಕ್ರೋನೋಗ್ರಾಫ್ ಅಂತಾರೆ. ಈ ಕೆಲಸ ಹಳೇದು. 1742ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ತನ್ನ ಪುಸ್ತಕದಲ್ಲಿ ಬ್ಯಾಲಿಸ್ಟಿಕ್ ಪೆಂಡುಲಮ್ ಬಗ್ಗೆ ಬರೆದ. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ತೂಗಿತು ಅನ್ನೋದರಿಂದ ವೇಗದ ಲೆಕ್ಕ ಹಾಕೋದು. ನಾವು ಪಿಯುಸಿಯಲ್ಲಿ ಮೊಮೆಂಟಮ್ ಪಾಠದಲ್ಲಿ ಮಾಡಿದ ಅದೇ ಲೆಕ್ಕ. ಈತ ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಇಂಜಿನಿಯರ್ ಆಗಿ ಇಲ್ಲಿಗೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರ ಬಂದು ತೀರಿಕೊಂಡ. ಅವನ ಪೆಂಡುಲಮ್ಮಿನಲ್ಲಿ ಒಂದು ವಿಷಯ ಸ್ಪಷ್ಟ: ಗುಂಡು ದಿಮ್ಮಿಯೊಳಗೇ ಉಳಿದುಬಿಡುತ್ತೆ. ವೇಗ ಗೊತ್ತಾದ ಗುಂಡು ಗುರಿ ಮುಟ್ಟಲ್ಲ. ಹಾಗಾಗಿ "ಎಷ್ಟು ವೇಗ?" ಮತ್ತು "ಎಲ್ಲಿ ಬಿತ್ತು?" ಎರಡನ್ನೂ ಒಂದೇ ಗುಂಡಿಗೆ ಕೇಳೋ ಆಸೆ ಅವನಿಗೆ ಬಂದಿರಲಾರದು. ಆ ಆಸೆ ನಮಗೆ ಬಂತು.

ಈಗಿನ ಕ್ರೋನೋಗ್ರಾಫುಗಳಲ್ಲಿ ಸ್ಥೂಲವಾಗಿ ಮೂರು ಜಾತಿ. ಒಂದು, ಬ್ಯಾರಲ್ ಮುಂದೆ ಸ್ಟ್ಯಾಂಡ್ ಮೇಲೆ ಇಡೋ ಬೆಳಕಿನ ಸೆನ್ಸರ್. ಎರಡು, ರೈಫಲ್ ಪಕ್ಕದಲ್ಲಿ ಇಡೋ ಡಾಪ್ಲರ್ ರೇಡಾರ್. ಮೂರು, ಬ್ಯಾರಲ್ಲಿಗೇ ಕಟ್ಟೋದು. ಮೂರನೇದರಲ್ಲಿ ಅಮೆರಿಕದ ಮ್ಯಾಗ್ನೆಟೋಸ್ಪೀಡ್ ಹೆಸರುವಾಸಿ. ಹಳೇ ಸಿಪಾಯಿಗಳ ಬಂದೂಕಿಗೆ ಬಯೋನೆಟ್ ಸಿಕ್ಕಿಸಿದ ಹಾಗೆ ಬ್ಯಾರಲ್ ತುದಿಯ ಕೆಳಗೆ ಒಂದು ಪಟ್ಟಿಯನ್ನ ಸ್ಟ್ರ್ಯಾಪಿನಿಂದ ಬಿಗೀತಾರೆ. ಅದರಲ್ಲಿ ಎರಡು ಸೆನ್ಸರ್. ಲೋಹದ ಗುಂಡು ಮೇಲಿಂದ ಹಾದು ಹೋಗುವಾಗ ಕಾಂತಕ್ಷೇತ್ರದಲ್ಲಿ ಆಗೋ ಬದಲಾವಣೆಯನ್ನ ಎರಡೂ ಕಡೆ ಹಿಡಿದು, ನಡುವಿನ ಸಮಯ ಅಳೆಯುತ್ತೆ. ಬಿಸಿಲು, ಮೋಡ, ಟ್ಯೂಬ್‌ಲೈಟ್ ಯಾವುದರ ಗೊಡವೆಯೂ ಇಲ್ಲ. ಸ್ಟ್ಯಾಂಡ್ ಇಡಕ್ಕೆ ರೇಂಜಿನ ಮುಂದಕ್ಕೆ ನಡೆದು ಹೋಗೋದು ಬೇಡ. ಸೆನ್ಸರ್ ಬ್ಯಾರಲ್ ಜೊತೆಗೇ ತಿರುಗೋದರಿಂದ ಅಲೈನ್‌ಮೆಂಟ್ ತಲೆನೋವೂ ಕಡಿಮೆ. ಈ ಕೊನೇ ಅನುಕೂಲ ನೋಡಿ ನಾವು ಮರುಳಾದ್ವಿ.

ನಮ್ಮದು ಅದರ ಬಡ ತಮ್ಮ. 3ಡಿ ಪ್ರಿಂಟ್ ಮಾಡಿದ ಕೊಳವೆ, ಒಳಗೆ ಎರಡು ಜೊತೆ ಇನ್‌ಫ್ರಾರೆಡ್ ಎಲ್‌ಇಡಿ ಮತ್ತು ಫೋಟೋಡಯೋಡ್, ನಡುವೆ 100 ಮಿ.ಮೀ. ಅಂತರ, ಮೇಲೊಂದು ಆರ್ಡುಯಿನೋ ನ್ಯಾನೋ. ಬ್ಯಾರಲ್ಲಿಗೆ ಗೀರು ಬೀಳಬಾರದು ಅಂತ ಕ್ಲಾಂಪಿನ ಒಳಗೆ ಸೈಕಲ್ ಟ್ಯೂಬ್ ತುಂಡು. 170 ಮೀಟರ್ ವೇಗದಲ್ಲಿ 100 ಮಿ.ಮೀ. ದಾಟಕ್ಕೆ ಸುಮಾರು 588 ಮೈಕ್ರೋಸೆಕೆಂಡ್ ಸಾಕು. ನಮ್ಮ ಮೊದಲ ಕೋಡ್ 4 ಮೈಕ್ರೋಸೆಕೆಂಡಿನ ಹೆಜ್ಜೆಯಲ್ಲಿ ಎಣಿಸ್ತಿತ್ತು, ಹಾಗಾಗಿ ವೇಗ ಸೆಕೆಂಡಿಗೆ 1.2 ಮೀಟರಿನಂತೆ ಜಿಗಿಜಿಗಿದು ತೋರಿಸ್ತಿತ್ತು. ಎರಡು ರಾತ್ರಿ ಕೂತು ಟೈಮರಿನ ಇನ್‌ಪುಟ್ ಕ್ಯಾಪ್ಚರ್‌ಗೆ ಬದಲಾಯಿಸಿದ್ವಿ. ಈಗ ಹೆಜ್ಜೆ 62.5 ನ್ಯಾನೋಸೆಕೆಂಡ್. ಆ ರಾತ್ರಿ ನಮಗೆ ಆದ ಖುಷಿ ಅಷ್ಟಿಷ್ಟಲ್ಲ. ಕ್ಲಾಕಿನ ವಿಷಯದಲ್ಲಿ ಇಷ್ಟು ನಾಜೂಕು ಮಾಡಿದ ನಾವು ತೂಕದ ಬಗ್ಗೆ ಒಂದು ನಿಮಿಷವೂ ಯೋಚನೆ ಮಾಡಿರಲಿಲ್ಲ.

ರೇಂಜಿಗೆ ಹೋದ ಭಾನುವಾರ ಕೋಚ್ ಸರ್ ಕೊಳವೆಯನ್ನ ಕೈಯಲ್ಲಿ ಹಿಡಿದು, ಬ್ಯಾರಲ್ಲಿಗೆ ನೇರ ಕೂತಿದೆಯಾ ಅಂತ ಕ್ಲೀನಿಂಗ್ ರಾಡ್ ತೂರಿಸಿ ನೋಡಿ, ಒಂದೇ ಪ್ರಶ್ನೆ ಕೇಳಿದರು: "ಇದನ್ನ ಬ್ಯಾರಲ್ಲಿಗೇ ಕಟ್ಟಬೇಕೇನ್ರಪ್ಪಾ? ಮುಂದೆ ಸ್ಟ್ಯಾಂಡ್ ಮೇಲೆ ಇಡಕ್ಕಾಗಲ್ವಾ?" ಅಲೈನ್‌ಮೆಂಟ್ ಸುಲಭ ಆಗುತ್ತೆ ಸರ್ ಅಂದ್ವಿ. ಅವರು ಮತ್ತೆ ಮಾತಾಡಲಿಲ್ಲ.

ಗೆಳತಿ ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ಕೂತಳು. ಮೊದಲು ಹಳೇ ಡಬ್ಬಿ, ಅವಳು ಒಂದು ವರ್ಷದಿಂದ ಬಳಸ್ತಿದ್ದ ಪೆಲೆಟ್. ಕೊಳವೆಯಿಂದ ಯುಎಸ್‌ಬಿ ಕೇಬಲ್ ಟೇಬಲ್ ಮೇಲಿನ ಲ್ಯಾಪ್‌ಟಾಪಿಗೆ ಬಂದಿತ್ತು. ಹತ್ತು ಶಾಟ್. ಸ್ಕ್ರೀನಿನಲ್ಲಿ 171, 172, 173. ನಾವು ಒಳಗೊಳಗೇ ಕುಣೀತಿದ್ವಿ. ಕಾಗದದ ಟಾರ್ಗೆಟ್ ತಂದು ನೋಡಿದರೆ ತೂತುಗಳು ಒಂದರ ಕೆಳಗೊಂದು ಉದ್ದಕ್ಕೆ ಇಳಿದಿದ್ದವು, ಮೇಲಿಂದ ಕೆಳಕ್ಕೆ ಸುಮಾರು 6 ಮಿ.ಮೀ. ಅಷ್ಟರಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಮುಗೀತು. ಪ್ಲಗ್ ಪಾಯಿಂಟ್ ದೂರ ಇತ್ತು. ಕೇಬಲ್ ಕಿತ್ತು, ಕೊಳವೆ ಮೇಲೆ ಒಂದು 9 ವೋಲ್ಟ್ ಬ್ಯಾಟರಿ ಮತ್ತು ಪುಟ್ಟ ಡಿಸ್‌ಪ್ಲೇ ಟೇಪಿನಿಂದ ಅಂಟಿಸಿದ್ವಿ. ಕ್ಲಾಂಪನ್ನ ಇನ್ನೊಂದು ಸುತ್ತು ಬಿಗಿ ಮಾಡಿದ್ವಿ. ಆಮೇಲೆ ಹೊಸ ಡಬ್ಬಿ, ಹತ್ತು ಶಾಟ್. ವೇಗ ಹೆಚ್ಚುಕಮ್ಮಿ ಅಷ್ಟೇ. ಗ್ರೂಪ್ ಮಾತ್ರ ದುಂಡಗೆ, ಬರೀ 4 ಮಿ.ಮೀ.

"ಎಲ್ಲಾ ಸ್ವಲ್ಪ ಕೆಳಗೆ ಹೋಗ್ತಿದೆ" ಅಂದಳು ಗೆಳತಿ. "ಪರವಾಗಿಲ್ಲ, ಗ್ರೂಪ್ ಚೆನ್ನಾಗಿದೆ. ಸೈಟ್ ತಿರುಗಿಸಿದ್ರೆ ಸರಿ ಹೋಗುತ್ತೆ."

ಸಂಜೆ ನಾವು ಒಂದು ಟೇಬಲ್ ಮಾಡಿ ಕಳಿಸಿದ್ವಿ. ಹಳೇ ಡಬ್ಬಿ: ಗ್ರೂಪ್ 6.1. ಹೊಸ ಡಬ್ಬಿ: 4.0. ವರ್ನಿಯರಿನಲ್ಲಿ ಅಳೆದದ್ದು, ದಶಾಂಶ ಬೇರೆ ಇದೆ, ಯಾರು ತಾನೇ ನಂಬಲ್ಲ? ಅವಳು ಹಳೇ ಡಬ್ಬಿ ಎತ್ತಿಟ್ಟಳು.

ಮುಂದಿನ ಎರಡು ವಾರ ಅವಳು ಹೊಸ ಪೆಲೆಟ್ಟಿನಲ್ಲೇ ಅಭ್ಯಾಸ ಮಾಡಿದಳು. ಸ್ಕೋರ್ ಏರಲಿಲ್ಲ, ನಾಲ್ಕೈದು ಪಾಯಿಂಟ್ ಇಳೀತು. ಪೆಲೆಟ್ ಒಳ್ಳೇದು ಅನ್ನೋದು 'ಸಾಬೀತಾಗಿ' ಹೋಗಿತ್ತಲ್ಲ, ಹಾಗಾದ್ರೆ ತಪ್ಪು ಎಲ್ಲಿರಬೇಕು? ತನ್ನಲ್ಲೇ. ಕೈ ಹಿಡಿತ ಕೆಟ್ಟಿದೆ ಅಂದಳು. ಉಸಿರು ಸರಿ ಬರ್ತಿಲ್ಲ ಅಂದಳು. ಮಧ್ಯಾಹ್ನ ನಮ್ಮ ಜೊತೆ ಕೂರೋದು ಬಿಟ್ಟು ಕಾರಿಡಾರಿನ ಗೋಡೆಗೆ ಮುಖ ಮಾಡಿ, ನಿಲ್ಲೋ ಭಂಗಿ ಅಭ್ಯಾಸ ಮಾಡ್ತಿದ್ದಳು. ಆಯ್ಕೆಯ ದಿನ 1.8 ಪಾಯಿಂಟಿನಿಂದ ತಂಡದ ಹೊರಗುಳಿದಳು.

ಅದಾದ ಮೇಲಿನ ಬುಧವಾರ ಇನ್‌ಸ್ಟ್ರುಮೆಂಟೇಷನ್ ಲ್ಯಾಬ್. ಪ್ರಯೋಗ ತೀರಾ ಸಾದಾ. ಹತ್ತು ಮೆಗಾ ಓಮಿನ ಎರಡು ರೆಸಿಸ್ಟರ್ ಸೀರೀಸಿನಲ್ಲಿ, 10 ವೋಲ್ಟ್ ಸಪ್ಲೈ, ಒಂದರ ಮೇಲಿನ ವೋಲ್ಟೇಜ್ ಅಳೀರಿ. ಪಾಠದ ಪ್ರಕಾರ 5 ಬರಬೇಕು. ಮಲ್ಟಿಮೀಟರ್ 3.33 ತೋರಿಸ್ತು. ಮೀಟರ್ ಕೆಟ್ಟಿದೆ ಅಂತ ಬದಲಾಯಿಸಿದ್ವಿ. ಮತ್ತೆ 3.33. ಮೇಡಂ ನಕ್ಕು ಹೇಳಿದರು: "ಮೀಟರಿನ ಒಳಗೂ ಹತ್ತು ಮೆಗಾ ಓಮ್ ಇದೆ. ನೀವು ಅದನ್ನ ಇಟ್ಟ ತಕ್ಷಣ ಸರ್ಕ್ಯೂಟೇ ಬೇರೆ ಆಯ್ತು. ಮೀಟರ್ ಸುಳ್ಳು ಹೇಳ್ತಿಲ್ಲ, ಈಗ ಅಲ್ಲಿ ಇರೋದೇ 3.33." ಇದಕ್ಕೆ ಲೋಡಿಂಗ್ ಎಫೆಕ್ಟ್ ಅಂತ ಹೆಸರು. ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ. ನಾವು ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ.

ಆ ರಾತ್ರಿ ಹಾಸ್ಟೆಲಿನಲ್ಲಿ ಕೊಳವೆಯನ್ನ ತೂಕಕ್ಕೆ ಹಾಕಿದ್ವಿ. ಬ್ಯಾಟರಿ ಸಮೇತ 140 ಗ್ರಾಂ. ರೈಫಲ್ ಬ್ಯಾರಲ್ ಅಂದ್ರೆ ಒಂದು ತುದಿ ಹಿಡಿದು ಇನ್ನೊಂದು ತುದಿ ಬಿಟ್ಟ ಕಡ್ಡಿ. ನಮ್ಮ ಮೆಕ್ಯಾನಿಕಲ್ ಭಾಷೆಯಲ್ಲಿ ಕ್ಯಾಂಟಿಲಿವರ್. ಪಿ ಎಲ್ ಕ್ಯೂಬ್ ಬೈ ತ್ರೀ ಇ ಐ ಅಂತ ಮಗ್ಗಿ ಥರ ಉರು ಹೊಡೆದಿದ್ವಲ್ಲ, ಅದೇ. 15 ಮಿ.ಮೀ. ದಪ್ಪದ, 40 ಸೆಂ.ಮೀ. ಹೊರಚಾಚಿದ ಉಕ್ಕಿನ ಕೊಳವೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ ತುದಿ ಬಗ್ಗೋದು 0.06 ಮಿ.ಮೀ. ಒಂದು ಕೂದಲೆಳೆಯಷ್ಟು. ಇಷ್ಟೇನಾ ಅಂತ ನಿಟ್ಟುಸಿರು ಬಿಟ್ವಿ. ಆದರೆ ಬಾಗಿದ ತುದಿಯ ಕೋನ 0.22 ಮಿಲಿರೇಡಿಯನ್. ಹತ್ತು ಮೀಟರ್ ದೂರಕ್ಕೆ ಅದು 2.2 ಮಿ.ಮೀ. ಬ್ಯಾರಲ್ ತುದಿಯಲ್ಲಿರೋ ಮುಂದಿನ ಸೈಟೂ ಜೊತೆಗೇ ಬಗ್ಗೋದರಿಂದ, ಅದನ್ನ ಮತ್ತೆ ಗುರಿಗೆ ಹೊಂದಿಸುವಾಗ ಶೂಟರ್ ತಿಳಿಯದೆಯೇ ಸ್ವಲ್ಪ ಮೇಲಕ್ಕೆ ಎತ್ತಿರ್ತಾಳೆ, ಅದನ್ನ ಕಳೆದರೂ 1.4 ಮಿ.ಮೀ. ಕೆಳಗೆ. ಅರ್ಧ ಪಾಯಿಂಟಿಗಿಂತ ಜಾಸ್ತಿ. "ಎಲ್ಲಾ ಸ್ವಲ್ಪ ಕೆಳಗೆ ಹೋಗ್ತಿದೆ" ಅಂತ ಅವಳು ಅವತ್ತೇ ಹೇಳಿದ್ದಳು.

ಇದು ಗುರಿ ಒಟ್ಟಾಗಿ ಜರುಗೋ ಕತೆ. ಒಂದೇ ಸಮನೆ ಜರುಗಿದರೆ ಅಷ್ಟು ಅಪಾಯ ಇಲ್ಲ, ತೂಕ ತೆಗೆದರೆ ವಾಪಸ್ ಬರುತ್ತೆ. ಹಳೇ ಡಬ್ಬಿಯ ತೂತುಗಳು ಉದ್ದಕ್ಕೆ ಚದುರಿದ್ದು ಬೇರೆ ಕತೆ. ಅದರ ಅಪರಾಧಿ ಯುಎಸ್‌ಬಿ ಕೇಬಲ್. ಒಂದು ಶಾಟಿಗೆ ಅದು ಟೇಬಲ್ ಅಂಚಿಗೆ ಸಿಕ್ಕಿ ಬಿಗಿಯಾಗಿ ಎಳೆದಿರುತ್ತೆ, ಇನ್ನೊಂದಕ್ಕೆ ಸಡಿಲ. ಪ್ರತಿ ಸಲ ಬ್ಯಾರಲ್ ಮೇಲಿನ ಭಾರ ಬೇರೆ, ಹಾಗಾಗಿ ಪ್ರತಿ ಸಲ ತೂತಿನ ಜಾಗವೂ ಬೇರೆ. ಹೊಸ ಡಬ್ಬಿಯ ಸರದಿ ಬಂದಾಗ ಕೇಬಲ್ಲೇ ಇರಲಿಲ್ಲ. ಕೇಬಲ್, ಬ್ಯಾಟರಿ, ಕ್ಲಾಂಪಿನ ಬಿಗಿ, ಇಷ್ಟು ಬದಲಾಯಿಸಿ, ಟೇಬಲ್ಲಿನಲ್ಲಿ ಮಾತ್ರ 'ಪೆಲೆಟ್' ಅಂತ ಒಂದೇ ಕಾಲಂ ಹಾಕಿದ್ವಿ.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಇದಕ್ಕೆ: ಹಳೇ ಪೆಲೆಟ್ ನಿರಪರಾಧಿ ಅನ್ನೋ ಸಾಕ್ಷಿ ನಮ್ಮ ಕೈಯಲ್ಲೇ ಇತ್ತು. 172 ಮೀಟರ್ ವೇಗದಲ್ಲಿ ಪೆಲೆಟ್ ಹತ್ತು ಮೀಟರ್ ಹೋಗಕ್ಕೆ 0.058 ಸೆಕೆಂಡ್. ಅಷ್ಟರಲ್ಲಿ ಗುರುತ್ವ ಅದನ್ನ ಸುಮಾರು 16.6 ಮಿ.ಮೀ. ಕೆಳಗೆ ಎಳೆಯುತ್ತೆ. ವೇಗ ಸೆಕೆಂಡಿಗೆ 1 ಮೀಟರ್ ಹೆಚ್ಚುಕಮ್ಮಿ ಆದರೆ ಬೀಳೋ ಜಾಗ ಬದಲಾಗೋದು ಬರೀ 0.2 ಮಿ.ಮೀ. ನಮ್ಮದೇ ಕ್ರೋನೋಗ್ರಾಫ್ ಪ್ರಕಾರ ಹಳೇ ಡಬ್ಬಿಯ ವೇಗ ಅತ್ತ ಒಂದು, ಇತ್ತ ಒಂದು ಮೀಟರ್ ಆಡಿತ್ತು, ಅಷ್ಟೇ. ಅದರಿಂದ ಅರ್ಧ ಮಿ.ಮೀ. ಚದುರಬಹುದು, 6 ಮಿ.ಮೀ. ಅಲ್ಲ. ಪೆಲೆಟ್ಟಿನ ಆಕಾರದಲ್ಲೇ ದೋಷ ಇದ್ದಿದ್ದರೆ ತೂತುಗಳು ಸುತ್ತಲೂ ಚದುರಬೇಕಿತ್ತು, ಮೇಲೆ ಕೆಳಗೆ ಮಾತ್ರ ಯಾಕೆ? ಎರಡು ಸಾಲಿನ ಲೆಕ್ಕ. ಹಾಕಿದ್ದರೆ ಅವತ್ತು ಸಂಜೆಯೇ ಅನುಮಾನ ಬರ್ತಿತ್ತು. ನಾವು ಯಾರೂ ಹಾಕಲಿಲ್ಲ.

ಮದ್ದಿನ ರೈಫಲ್ಲುಗಳಲ್ಲಿ ಇದು ಇನ್ನೂ ಜೋರು. ಅಲ್ಲಿ ಗುಂಡು ಸೆಕೆಂಡಿಗೆ ಏಳೆಂಟು ನೂರು ಮೀಟರ್ ವೇಗದಲ್ಲಿ ಹೊರಡುತ್ತೆ. ಮದ್ದು ಹೊತ್ತಿಕೊಂಡಾಗ ಬ್ಯಾರಲ್ ಛಡಿಯ ಹಾಗೆ ಅದುರುತ್ತೆ. ಗುಂಡು ಹೊರಬೀಳೋ ಕ್ಷಣಕ್ಕೆ ತುದಿ ಆ ಅದುರಿನ ಯಾವ ಹಂತದಲ್ಲಿ ಇತ್ತು ಅನ್ನೋದರ ಮೇಲೆ ಗುಂಡಿನ ದಿಕ್ಕು ನಿಂತಿರುತ್ತೆ. ತುದಿಗೆ ತೂಕ ಕಟ್ಟಿದರೆ ಅದುರೋ ಫ್ರೀಕ್ವೆನ್ಸಿ ಇಳಿಯುತ್ತೆ, ಹೊರಬೀಳೋ ಹಂತವೇ ಬದಲಾಗುತ್ತೆ. ತೆಳು ಬ್ಯಾರಲ್ಲಿಗೆ ಇದರ ಏಟು ಜಾಸ್ತಿ, ದಪ್ಪ ಬ್ಯಾರಲ್ಲಿಗೆ ಕಡಿಮೆ. ಸ್ಟ್ರ್ಯಾಪ್ ಸಡಿಲಾದರೆ ಗ್ರೂಪೇ ಹರಡುತ್ತೆ. ತಮಾಷೆ ಅಂದ್ರೆ ಕೆಲವರು ಇದೇ ಗುಣವನ್ನ ಬೇಕೂ ಅಂತ ಬಳಸ್ತಾರೆ. ಬ್ರೌನಿಂಗ್ ಕಂಪನಿಯ 'ಬಾಸ್' ಅನ್ನೋ ವ್ಯವಸ್ಥೆಯಲ್ಲಿ ಬ್ಯಾರಲ್ ತುದಿಯ ತೂಕವನ್ನ ಹಿಂದೆ ಮುಂದೆ ತಿರುಗಿಸಿ ತಮ್ಮ ಗುಂಡಿಗೆ ಹೊಂದೋ ಜಾಗ ಹುಡುಕಬಹುದು. ವೀಣೆಯ ಬಿರಡೆ ತಿರುಗಿಸಿ ಶ್ರುತಿ ಮಾಡಿದ ಹಾಗೆ. ಅವರಿಗೆ ಆ ತೂಕ ರೈಫಲ್ಲಿನ ಭಾಗ ಅನ್ನೋದು ಗೊತ್ತು. ಬ್ಯಾರಲ್ಲಿಗೆ ಕ್ರೋನೋಗ್ರಾಫ್ ಕಟ್ಟೋ ಅನುಭವಸ್ಥರಿಗೂ ಗೊತ್ತು. ಅವರು ವೇಗ ಅಳೆದು, ಬಿಚ್ಚಿಟ್ಟು, ಆಮೇಲೆ ಗುರಿ ನೋಡ್ತಾರೆ. ವೇಗದ ಮಟ್ಟಿಗೆ ಆ ಉಪಕರಣ ನಂಬಿಕಸ್ಥ. ಬ್ಯಾರಲ್ ಕೂದಲೆಳೆ ಬಗ್ಗಿದರೆ ಗುಂಡಿನ ವೇಗಕ್ಕೇನೂ ಆಗಲ್ಲ, ದಿಕ್ಕಿಗೆ ಆಗುತ್ತೆ.

ಗೆಳತಿಗೆ ಹೇಳಬೇಕಿತ್ತು. ಹೇಳದೆ ಇರಬಹುದು ಅನ್ನೋ ಮಾತೂ ನಮ್ಮ ನಡುವೆ ಬಂತು, ಸುಳ್ಳು ಯಾಕೆ. ಆಯ್ಕೆ ಮುಗಿದಿದೆ, ಈಗ ಹೇಳಿ ಏನು ಪ್ರಯೋಜನ, ಸುಮ್ಮನೆ ನೋವು ಅಂತ ಒಂದು ವಾದ. ಆದರೆ ಅವಳು ಇನ್ನೂ ಆ ಗೋಡೆಗೆ ಮುಖ ಮಾಡಿ ನಿಲ್ತಿದ್ದಳು. ಅದನ್ನ ದಿನಾ ನೋಡಿಕೊಂಡು ಸುಮ್ಮನಿರಕ್ಕಾಗಲಿಲ್ಲ. ಅದೇ ಕ್ಯಾಂಟೀನ್, ಅದೇ ಟೇಬಲ್. ಲೆಕ್ಕದ ಹಾಳೆ ಮುಂದಿಟ್ಟು ಎಲ್ಲಾ ಹೇಳಿದ್ವಿ. ಅವಳು ಬೈತಾಳೆ ಅಂದುಕೊಂಡಿದ್ವಿ. ಕಾಫಿ ಆರಿ ತಣ್ಣಗಾಗೋ ತನಕ ಹಾಳೆ ನೋಡಿ, ಕೊನೆಗೆ ಕೇಳಿದ್ದು ಇಷ್ಟೇ: "ಹಾಗಾದ್ರೆ ನನ್ನ ಕೈ ಸರಿ ಇತ್ತಾ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹೌದು ಅಂತ ಹೇಳಕ್ಕೆ ನಾಲಿಗೆ ತುದೀಗೆ ಬಂದಿತ್ತು. ಆದರೆ ಅಳತೆ ಇಲ್ಲದೆ ಹೇಳಿದ ಒಂದು ಮಾತಿನಿಂದಲೇ ಇಷ್ಟೆಲ್ಲಾ ಆಗಿತ್ತಲ್ಲ. 1.8 ಪಾಯಿಂಟ್ ನಮ್ಮಿಂದ ಹೋಯ್ತು ಅಂತ ಹೇಳಕ್ಕಾಗಲ್ಲ, ನಮ್ಮಿಂದ ಹೋಗಿಲ್ಲ ಅಂತ ಹೇಳಕ್ಕೂ ಆಗಲ್ಲ. ಅದನ್ನೇ ಅವಳಿಗೆ ಹೇಳಿದ್ವಿ.

ಮುಂದಿನ ಭಾನುವಾರ ಮತ್ತೆ ರೇಂಜಿಗೆ ಹೋದ್ವಿ. ಈ ಸಲ ಬ್ಯಾರಲ್ ಮೇಲೆ ಏನೂ ಇಲ್ಲ. ಹಳೇ ಪೆಲೆಟ್ ಐದು, ಹೊಸದು ಐದು, ಮತ್ತೆ ಹಳೇದು, ಮತ್ತೆ ಹೊಸದು, ಹೀಗೆ ಸರದಿಯಲ್ಲಿ. ಒಟ್ಟು ನಲವತ್ತು ಶಾಟ್. ಹಳೇ ಡಬ್ಬಿ ಹೊಸದಕ್ಕಿಂತ ಒಂದು ಕೂದಲು ಮೇಲೇ ಇತ್ತು, ಕೆಟ್ಟದಂತೂ ಅಲ್ಲವೇ ಅಲ್ಲ. ಆಮೇಲೆ ಬರೀ ನಮ್ಮ ಸಮಾಧಾನಕ್ಕೆ 140 ಗ್ರಾಂ ಕಟ್ಟಿ ಹತ್ತು ಶಾಟ್. ಗ್ರೂಪ್ ಇಡಿಯಾಗಿ ಸುಮಾರು 2 ಮಿ.ಮೀ. ಕೆಳಗಿಳೀತು. ಕೊಳವೆಯ ಭಾರ ಬ್ಯಾರಲ್ ತುದಿಯಿಂದಲೂ ಮುಂದಕ್ಕೆ ಚಾಚಿದ್ದರಿಂದ ನಮ್ಮ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ. ಬಿಚ್ಚಿದ ಮೇಲೆ ವಾಪಸ್ ಬಂತು. ಕೋಚ್ ಸರ್ ದೂರದಿಂದ ನೋಡ್ತಾ ನಿಂತಿದ್ದರು. "ಸ್ಟ್ಯಾಂಡ್ ಇಲ್ಲೇ ಮೂಲೇಲಿದೆ, ತಗೊಳ್ಳಿ" ಅಂದರು, ಅಷ್ಟೇ.

ರಿಪೋರ್ಟಿನಲ್ಲಿ ಗ್ರೂಪಿನ ಟೇಬಲ್ ತೆಗೆದುಹಾಕಿದ್ವಿ. ಆ ಜಾಗದಲ್ಲಿ ಅದನ್ನ ಯಾಕೆ ತೆಗೆದ್ವಿ ಅಂತ ಒಂದು ಪುಟ ಬರೆದ್ವಿ. ವೇಗದ ಭಾಗ ಹಾಗೇ ಉಳೀತು, ಅದು ಸರಿಯಾಗಿತ್ತಲ್ಲ.

ಮಿನಿ ಪ್ರಾಜೆಕ್ಟಿಗೆ ಕೈ ಹಾಕೋ ಜೂನಿಯರ್‌ಗಳಿಗೆ ಎರಡು ಮಾತು. ಡ್ರೋನ್ ರೆಕ್ಕೆಗೆ, ಬೈಕ್ ಹ್ಯಾಂಡಲ್‌ಗೆ, ಸೇತುವೆ ಮಾಡೆಲ್‌ಗೆ, ಯಾವುದಕ್ಕೇ ಸೆನ್ಸರ್ ಅಂಟಿಸಿ, ಮೊದಲು ಸೆನ್ಸರನ್ನ ತಕ್ಕಡಿಗೆ ಹಾಕಿ. ಅದರ ವೈರನ್ನೂ ಸೇರಿಸಿ. ಎರಡನೇದು, ನಿಮ್ಮ ನಂಬರನ್ನ ಯಾರೋ ಒಬ್ಬರು ನಂಬಿ ಏನೋ ಒಂದನ್ನ ಬದಲಾಯಿಸ್ತಾರೆ ಅಂತಿದ್ದರೆ, ಆ ಅಳತೆಯನ್ನ ಅಳೆಯೋ ವಸ್ತು ಇಲ್ಲದೇನೂ ಒಮ್ಮೆ ಪರೀಕ್ಷೆ ಮಾಡಿ.

ಗೆಳತಿ ಹಳೇ ಡಬ್ಬಿಗೆ ವಾಪಸ್ ಹೋಗಿದ್ದಾಳೆ. ಮುಂದಿನ ವರ್ಷ ಮತ್ತೆ ಆಯ್ಕೆ ಇದೆ. ಸಿಲಿಂಡರ್ ಖಾಲಿಯಾಗ್ತಾ ಬಂದಾಗ ವೇಗ ಎಲ್ಲಿಂದ ಬೀಳಕ್ಕೆ ಶುರುವಾಗುತ್ತೆ ಅಂತ ಅವಳಿಗೆ ಇನ್ನೂ ನೋಡಬೇಕಿದೆಯಂತೆ. ಮೊನ್ನೆ ಅವಳೇ ಬಂದು ಕರೆದಳು.

"ಭಾನುವಾರ ಬನ್ನಿ. ಸ್ಟ್ಯಾಂಡ್ ತನ್ನಿ. ನನ್ನ ರೈಫಲ್ ಮಾತ್ರ ಮುಟ್ಟಬೇಡಿ."